ಲಿನಿಯಾ ಟಿ-ಜೆಟ್: ಯಾರೂ ಕೇಳದ ಟರ್ಬೊ ಕಾರು, ಕೊಳ್ಳೋ ಮುಂಚೆ ಮತ್ತು ಕೊಂಡ ಮೇಲೆ

ಘಾಟಿ_ಗೇರ್
ಹಳೆ ಪೆಟ್ರೋಲ್ ಕಾರುಗಳಲ್ಲಿ ಹೋಂಡಾದ ವಿಟೆಕ್ ಸಿಟಿಗೆ ಭಕ್ತರಿದ್ದಾರೆ, ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ಗೆ ಕೇಳಿದಷ್ಟು ಕೊಡುವವರಿದ್ದಾರೆ. ಫಿಯೆಟ್ ಲಿನಿಯಾ ಟಿ-ಜೆಟ್ ಅಂದರೆ ಬ್ರೋಕರ್‌ಗಳೇ ಮುಖ ತಿರುಗಿಸುತ್ತಾರೆ. ಕಂಪನಿ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿದೆ, ಸರ್ವಿಸ್ ಜಾಲ ಚಿಕ್ಕದು, ಮೇಲೆ "ಪೆಟ್ರೋಲ್ ಕುಡಿಯುತ್ತೆ" ಅನ್ನೋ ಅಪವಾದ. ಬೆಲೆ ಇಳಿದಿರುವುದು ಇದಕ್ಕೆ. ಕಾರಿನ ಮೈಕಟ್ಟಿಗೂ ಇಂಜಿನ್‌ಗೂ ಆ ಬೆಲೆಗೂ ಸಂಬಂಧವೇ ಇಲ್ಲ.

2010ರಲ್ಲಿ ಬಂದ ಕಾರು, ಪುಣೆ ಹತ್ತಿರದ ರಂಜನಗಾಂವ್‌ನಲ್ಲಿ ತಯಾರಾದದ್ದು. 1368 ಸಿಸಿ, 16 ವಾಲ್ವ್, ಟರ್ಬೊ (ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಇಂಜಿನ್ ಒಳಗೆ ಹೆಚ್ಚು ಗಾಳಿ ತುಂಬುವ ಪಂಪ್). 5000 ಆರ್‌ಪಿಎಂನಲ್ಲಿ 114 ಪಿಎಸ್ ಶಕ್ತಿ, 2200ಕ್ಕೇ ತಿರುಚುವ ಬಲ (ಟಾರ್ಕ್) 207 ಎನ್‌ಎಂ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, 5 ಸ್ಪೀಡ್ ಗೇರ್‌ಬಾಕ್ಸ್, ಹೈಡ್ರಾಲಿಕ್ ಪವರ್ ಸ್ಟೀರಿಂಗ್. ಈಗಿನ ಎಲೆಕ್ಟ್ರಿಕ್ ಸ್ಟೀರಿಂಗ್ ಹಿಡಿದವರಿಗೆ ಮೊದಲ ತಿರುವಿನಲ್ಲೇ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ.

ಕೊಳ್ಳಬೇಕು ಅಂತಿರುವವರು ಇಲ್ಲಿ ಕೇಳಿ, ಗೊತ್ತಿರುವವರು ಹೇಳಿ. "ಅದ್ಭುತ ಕಾರು ಗುರು" ಅಂತ ಮಾತ್ರ ಬರೆದು ಹೋಗಬೇಡಿ.

ಕೆಎ19_ರೋಡ್‌ಮೇಟ್
ಒಂದು ಪ್ರಶ್ನೆ ಮಾರಾಯ್ರೆ. ಅದೇ ದುಡ್ಡಿಗೆ ಫೋರ್ಡ್ ಫಿಯೆಸ್ಟಾ 1.6 ಎಸ್ ಸಿಗ್ತದೆ, ಮಿತ್ಸುಬಿಷಿ ಸೀಡಿಯಾ ಸಿಗ್ತದೆ, ಹುಡುಕಿದ್ರೆ ಫಿಯೆಟ್ ಪಾಲಿಯೋ 1.6 ಸಹ. ಟರ್ಬೊ ಇಲ್ಲದಿದ್ರೆ ಕೆಡುವ ಸಾಮಾನು ಸಹ ಕಡಿಮೆ ಅಲ್ವಾ? ಇದೇ ಯಾಕೆ?

ಘಾಟಿ_ಗೇರ್
ಕೆಡುವ ಸಾಮಾನು ಕಡಿಮೆ, ಒಪ್ಪಿದೆ. ಆದರೆ ಎರಡು ವಿಷಯ ಲೆಕ್ಕಕ್ಕೆ ತಗೊಳ್ಳಿ.

ಒಂದು, ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ 91 ಕೆಪಿಎ (ಕಿಲೋಪಾಸ್ಕಲ್) ಆಸುಪಾಸು, ನಿಮ್ಮ ಮಂಗಳೂರಲ್ಲಿ 101. ಟರ್ಬೊ ಇಲ್ಲದ ಇಂಜಿನ್ ಬೆಂಗಳೂರಿಗೆ ಬರುವಷ್ಟರಲ್ಲಿ ಶಕ್ತಿಯಲ್ಲಿ ಹತ್ತಿರ ಹತ್ತಿರ ಹತ್ತನೇ ಒಂದು ಭಾಗ ಕಳೆದುಕೊಂಡಿರುತ್ತದೆ. ಟರ್ಬೊ ಸ್ವಲ್ಪ ಹೆಚ್ಚು ಸುತ್ತಿ ಆ ಕೊರತೆಯ ಬಹುಪಾಲು ತುಂಬಿಕೊಡುತ್ತದೆ. ಬೆಂಗಳೂರು, ಮಡಿಕೇರಿ, ಚಿಕ್ಕಮಗಳೂರು ಕಡೆ ಓಡಿಸುವವರಿಗೆ ಇದು ಸಣ್ಣ ವಿಷಯವಲ್ಲ.

ಎರಡು, ಇನ್ಶೂರೆನ್ಸ್. ಥರ್ಡ್ ಪಾರ್ಟಿ ದರ ಸಿಸಿ ನೋಡಿ ಕಟ್ಟುವುದು. 2022ರ ದರಪಟ್ಟಿಯಲ್ಲಿ 1000ದಿಂದ 1500 ಸಿಸಿವರೆಗೆ ವರ್ಷಕ್ಕೆ 3416 ರೂಪಾಯಿ, 1500 ದಾಟಿದರೆ 7897, ಜಿಎಸ್‌ಟಿ ಬೇರೆ. ಫಿಯೆಸ್ಟಾ 1.6, ಪಾಲಿಯೋ 1.6 ಎರಡೂ 1596 ಸಿಸಿ. ಸೀಡಿಯಾ 1999, ಆಕ್ಟೇವಿಯಾ 1781. ಟಿ-ಜೆಟ್ 1368ರಲ್ಲೇ ನಿಂತಿದೆ. ಹಳೆ ಕಾರಿಗೆ ಬರೀ ಥರ್ಡ್ ಪಾರ್ಟಿ ಮಾಡಿಸುವವರಿಗೆ ಪ್ರತಿ ವರ್ಷ ಒಂದು ಆಯಿಲ್ ಸರ್ವಿಸ್‌ನಷ್ಟು ದುಡ್ಡು ಇಲ್ಲೇ ಉಳಿಯುತ್ತದೆ.

ಸ್ಪ್ಯಾನರ್_ಹದಿಮೂರು
ಕಾರು ನೋಡಲು ಹೋಗುವವರಿಗೆ.

ಮಾರುವವರಿಗೆ ಮೊದಲೇ ಹೇಳಿ, ನಾನು ಬರುವತನಕ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ಲೆಕ್ಕ, ಇನ್ನೊಂದು ದಿನ ಬನ್ನಿ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಆದಾಗ ಟಿಕ್ ಟಿಕ್ ಸದ್ದು ಬಂದು, ಐದಾರು ನಿಮಿಷಕ್ಕೆ ಕಮ್ಮಿಯಾಗಿ ನಿಂತರೆ ಅದು ಟ್ಯಾಪೆಟ್ ಅಂತ ಸಮಾಧಾನ ಹೇಳ್ತಾರೆ. ನಂಬಬೇಡಿ. ಹೆಚ್ಚಿನ ಸಲ ಅದು ಎಗ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳ ಹೊಗೆ ಹೊರತರುವ ಎರಕದ ಕೊಳವೆ) ಲೀಕು. ಟರ್ಬೊ ಬಿಸಿಗೆ ಮ್ಯಾನಿಫೋಲ್ಡ್ ಹಿಗ್ಗಿ ಕುಗ್ಗಿ, ತುದಿಯ ಸ್ಟಡ್‌ಗಳು ತುಂಡಾಗುತ್ತವೆ ಅಥವಾ ಎರಕದಲ್ಲೇ ಬಿರುಕು ಬಿಡುತ್ತದೆ. ಬಿಸಿಯಾದಾಗ ಸಂದು ಮುಚ್ಚಿಕೊಳ್ಳುವುದರಿಂದ ಸದ್ದು ಹೋಗುತ್ತದೆ. ಮ್ಯಾನಿಫೋಲ್ಡ್ ಸುತ್ತ ಕಪ್ಪು ಮಸಿ ಹಿಡಿದಿದೆಯಾ ಟಾರ್ಚ್ ಹಾಕಿ ನೋಡಿ. ತುಂಡಾದ ಸ್ಟಡ್ ತೆಗೆಯಲು ಹೆಡ್ ಇಳಿಸಬೇಕಾಗಿ ಬರಬಹುದು, ಚೌಕಾಸಿಗೆ ಅದೇ ದೊಡ್ಡ ಅಸ್ತ್ರ.

ಆಮೇಲೆ ಹೊಗೆ. ಐದು ನಿಮಿಷ ಐಡ್ಲಿಂಗ್ ಬಿಟ್ಟು ಒಮ್ಮೆ ರೇಸ್ ಮಾಡಿ. ಆಗ ಮಾತ್ರ ನೀಲಿ ಹೊಗೆ ಬಂದರೆ ಟರ್ಬೊ ಆಯಿಲ್ ಸೀಲ್ ಮೇಲೆ ಅನುಮಾನ. ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು, ಮತ್ತೆ ಒತ್ತಿದಾಗ ಬಂದರೆ ವಾಲ್ವ್ ಸೀಲ್. ಸದಾ ಬರುತ್ತಿದ್ದರೆ ರಿಂಗ್, ಅಂಥದ್ದನ್ನು ಬಿಟ್ಟು ಬನ್ನಿ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದೆ, ಕೂಲಂಟ್ ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್.

ಟರ್ಬೊಗೆ ಗಾಳಿ ಹೋಗುವ ಪೈಪ್ ಬಿಚ್ಚಲು ಬಿಟ್ಟರೆ ಶಾಫ್ಟ್ ಹಿಡಿದು ಅಲ್ಲಾಡಿಸಿ. ಅಡ್ಡಡ್ಡ ಕೂದಲೆಳೆಯಷ್ಟು ಆಡುವುದು ಸಹಜ, ಆಯಿಲ್ ಒತ್ತಡ ಬಂದಾಗ ಅದು ನಿಲ್ಲುತ್ತದೆ. ಹಿಂದೆ ಮುಂದೆ ಆಡಬಾರದು, ರೆಕ್ಕೆ ಗೂಡಿಗೆ ತಾಗಿದ ಗೀರು ಇರಬಾರದು. ಪೈಪ್ ಒಳಗೆ ಆಯಿಲ್ ಪಸೆ ಇದ್ದರೆ ಹೆದರಬೇಡಿ, ಬ್ರೀದರ್‌ನಿಂದ ಬರುವ ಆವಿ ಅದು. ಇಂಟರ್‌ಕೂಲರ್ (ಟರ್ಬೊ ಒತ್ತಿದ ಬಿಸಿ ಗಾಳಿ ತಣಿಸುವ ರೇಡಿಯೇಟರ್) ಕೆಳಗಿನ ಹೋಸಿನಲ್ಲಿ ಆಯಿಲ್ ನಿಂತೇ ಇದ್ದರೆ ಮಾತ್ರ ಯೋಚಿಸಬೇಕು.

ಹುಬ್ಬಳ್ಳಿ_ಪಿಸ್ಟನ್
ಇದಕ್ಕ ಒಂದ್ ಸೇರಸ್ತೀನ್ರಿ. ಈ ಗಾಡ್ಯಾಗ ಎಲ್ಲಾರೂ ಮರೆಯೋದು ಅರ್ಥ್ ಕೇಬಲ್. ಬ್ಯಾಟರಿ ಮೈನಸ್‌ನಿಂದ ಗೇರ್‌ಬಾಕ್ಸ್‌ಗೆ ಹೋಗೋ ವಾಯರ್ ಒಳಗಿಂದೊಳಗ ಹಸಿರುಗಟ್ಟತೈತಿ. ಮ್ಯಾಲೆ ನೋಡಿದ್ರ ಏನೂ ಗೊತ್ತಾಗಂಗಿಲ್ಲ. ಆಮ್ಯಾಲ ಏನಾಗತೈತಿ ಅಂದ್ರ, ಸೆಲ್ಫ್ ನಿಧಾನ ಹೊಡಿತೈತಿ, ಮೀಟರ್‌ನ್ಯಾಗ ಇದ್ದಬಿದ್ದ ಲೈಟೆಲ್ಲಾ ಹತ್ತತಾವ, ಎಬಿಎಸ್ ಎರರ್, ಇಂಜಿನ್ ಎರರ್. ಮಂದಿ ಬ್ಯಾಟರಿ ಬದಲಸ್ತಾರ, ಸ್ಟಾರ್ಟರ್ ಬದಲಸ್ತಾರ, ಕಡೀಗೆ ಇಸಿಯು (ಇಂಜಿನ್ ನಡಸೋ ಕಂಪ್ಯೂಟರ್) ಹೋಗೇತಿ ಅಂತ ಹೇಳಿ ಕಳಸ್ತಾರ.

ಚೆಕ್ ಮಾಡೋದು ಭಾಳ ಸರಳ. ಮಲ್ಟಿಮೀಟರ್ ಡಿಸಿ ವೋಲ್ಟಿಗೆ ಇಡ್ರಿ. ಒಂದು ಕಡ್ಡಿ ಬ್ಯಾಟರಿ ಮೈನಸ್ ಮ್ಯಾಲೆ, ಇನ್ನೊಂದು ಗೇರ್‌ಬಾಕ್ಸ್‌ನ ಬರೇ ಲೋಹದ ಮ್ಯಾಲೆ. ಇನ್ನೊಬ್ಬರ ಕಡೆ ಸೆಲ್ಫ್ ಹೊಡಸ್ರಿ. 0.3 ವೋಲ್ಟ್ ದಾಟಿದ್ರ ಕೇಬಲ್ ತಗದ ಒಗೀರಿ. ಹೊಸಾದು ಮಾಡಸಾಕ ಆಟೊ ಎಲೆಕ್ಟ್ರಿಷಿಯನ್ ಸಾಕು, ದಪ್ಪ ತಾಮ್ರದ ವಾಯರಿಗೆ ಲಗ್ಸ್ ಒತ್ತಿ ಕೊಡ್ತಾನ. ಬೋಲ್ಟ್ ಕೂಡೋ ಜಾಗಾ ಎಮರಿ ಹಾಳಿಲೆ ತಿಕ್ಕಿ ಕೂಡಸ್ರಿ.

ಕೆಎ19_ರೋಡ್‌ಮೇಟ್
ಕರಾವಳಿ ಕಾರಾದ್ರೆ ಅದು ಖಂಡಿತ ನೋಡ್ಬೇಕು. ಡ್ರೈವರ್ ಬಾಗಿಲಿನ ವಯರಿಂಗ್ ಸಹ. ಬಾಗಿಲು ಮತ್ತು ಕಂಬದ ನಡುವಿನ ರಬ್ಬರ್ ಕೊಳವೆಯ ಒಳಗೆ ವಯರ್ ಮಡಚಿ ಮಡಚಿ ತುಂಡಾಗ್ತದೆ. ಸೆಂಟ್ರಲ್ ಲಾಕ್, ಪವರ್ ವಿಂಡೋ ಒಮ್ಮೆ ಕೆಲಸ ಮಾಡಿ ಒಮ್ಮೆ ಮಾಡದಿದ್ರೆ ಮೋಟರ್ ಬದಲಿಸುವ ಮುಂಚೆ ಅಲ್ಲಿ ಬಿಚ್ಚಿ ನೋಡಿ.

ಸ್ಪ್ಯಾನರ್_ಹದಿಮೂರು
ಈಗ ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್ ಮತ್ತು ವಾಲ್ವ್ ಓಟವನ್ನು ಒಂದಕ್ಕೊಂದು ಹೊಂದಿಸಿಡುವ ರಬ್ಬರ್ ಪಟ್ಟಿ. ಇಷ್ಟುದ್ದ ಬರೆಯಲು ಕಾರಣವಿದೆ, ಒಳ್ಳೆ ಟಿ-ಜೆಟ್‌ಗಳು ಹಾಳಾಗುವುದು ಇಲ್ಲೇ.

ಬೆಲ್ಟ್ ಹರಿದರೆ ವಾಲ್ವ್ ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಓಡೋಮೀಟರ್ 40,000 ತೋರಿಸುತ್ತಿದೆ ಅಂತ ಸುಮ್ಮನಿರಬೇಡಿ, ರಬ್ಬರಿಗೆ ವಯಸ್ಸೇ ಶತ್ರು. 60,000 ಕಿ.ಮೀ. ಅಥವಾ ನಾಲ್ಕೈದು ವರ್ಷ, ಯಾವುದು ಮೊದಲೋ ಅದು. ಬಿಲ್ ಇಲ್ಲ ಅಂದರೆ ಬದಲಿಸಿಲ್ಲ ಅಂತಲೇ ತಿಳಿದು, ಕೊಂಡ ವಾರವೇ ಮಾಡಿಸಿ. ಬೆಲ್ಟ್ ಜತೆ ಟೆನ್ಷನರ್, ವಾಟರ್ ಪಂಪ್, ಹೊರಗಿನ ಆಕ್ಸೆಸರಿ ಬೆಲ್ಟ್ ಕೂಡ ಹಾಕಿಸಿ. ವಾಟರ್ ಪಂಪ್ ತಿರುಗುವುದು ಇದೇ ಟೈಮಿಂಗ್ ಬೆಲ್ಟಿನಿಂದ; ಪಂಪ್ ಉಳಿಸಿಕೊಂಡರೆ ಆರು ತಿಂಗಳಿಗೆ ಅದು ಸೋರಿ ಹೊಸ ಬೆಲ್ಟ್ ಒದ್ದೆಯಾಗುತ್ತದೆ, ಮಜೂರಿ ಎರಡನೇ ಸಲ ಕೊಡುತ್ತೀರಿ.

ಈ ಇಂಜಿನ್‌ನಲ್ಲಿ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಪುಲ್ಲಿಗೆ ಜಾಗ ಹಿಡಿದಿಡುವ ಕೀ ಇಲ್ಲ. ಪುಲ್ಲಿ ಸಡಿಲ ಬಿಟ್ಟು, ಕ್ಯಾಮ್ ಲಾಕ್ ಮಾಡಿ, ಬೆಲ್ಟ್ ಬಿಗಿ ಮಾಡಿದ ಮೇಲೆ ಪುಲ್ಲಿ ಬೋಲ್ಟ್ ಬಿಗಿಯಬೇಕು. ಪಿಸ್ಟನ್ ಇಡುವುದೂ ಟಿಡಿಸಿಗೆ, ಅಂದರೆ ಅದು ಏರುವ ತುತ್ತತುದಿಗೆ, ಅಲ್ಲ. ನಾಲ್ಕೂ ಪಿಸ್ಟನ್ ಸಮ ಎತ್ತರಕ್ಕೆ, ಅಂದರೆ ಸ್ಟ್ರೋಕಿನ ನಡುವೆ ನಿಲ್ಲಬೇಕು. ಅದಕ್ಕೆ ಸ್ಪಾರ್ಕ್ ಪ್ಲಗ್ ತೂತಿನಲ್ಲಿ ಕೂರುವ ಟೂಲ್, ಕ್ಯಾಮ್ ಬಾಕ್ಸಿಗೆ ತಿರುಗಿಸುವ ಲಾಕ್ ಟೂಲ್ ಎರಡೂ ಬೇಕು. "ವೈಟ್ನರ್‌ನಲ್ಲಿ ಮಾರ್ಕ್ ಹಾಕಿ ಹಳೆ ಬೆಲ್ಟ್ ತೆಗೆದು ಹೊಸದು ಹಾಕ್ತೀನಿ" ಅನ್ನುವ ಮೆಕ್ಯಾನಿಕ್ಕಿಗೆ ಕೈ ಮುಗಿದು ಬನ್ನಿ. ಪುಲ್ಲಿ ಒಂದಿಷ್ಟು ಜಾರಿದರೂ ಇಂಜಿನ್ ಓಡುತ್ತದೆ, ಆದರೆ ಕೆಳಗಿನ ಪಿಕಪ್ ಸತ್ತು ಮೈಲೇಜ್ ಬೀಳುತ್ತದೆ. ಆಮೇಲೆ ಎಲ್ಲರೂ ಟರ್ಬೊ ಬೈಯುತ್ತಾರೆ.

ಎಲ್ಲಾ ಆದ ಮೇಲೆ ಲಾಕ್ ತೆಗೆದು, ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಮತ್ತೆ ಲಾಕ್ ಕೂರುತ್ತದಾ ನೋಡಬೇಕು. ಕೂರದಿದ್ದರೆ ಮೊದಲಿನಿಂದ.

ಇನ್ನೂ ಒಂದು ಬಾಕಿ: ಫೋನಿಕ್ ವ್ಹೀಲ್ ಲರ್ನಿಂಗ್. ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್‌ಗಳ ಹೊಸ ಹೊಂದಾಣಿಕೆಯನ್ನು ಇಸಿಯು ಕಲಿಯಬೇಕು. ಮಲ್ಟಿಇಸಿಯುಸ್ಕ್ಯಾನ್ ಸಾಫ್ಟ್‌ವೇರ್‌ನಲ್ಲಿ ಇದು ಇದೆ. ಇಂಜಿನ್ ಬಿಸಿ ಮಾಡಿಕೊಂಡು ಅದು ಹೇಳಿದಂತೆ ನ್ಯೂಟ್ರಲ್‌ನಲ್ಲಿ ರೇಸ್ ಏರಿಸಿ ಬಿಡಬೇಕು. ಮಾಡದಿದ್ದರೆ ಏನೂ ಕೆಟ್ಟಿಲ್ಲದ ಇಂಜಿನ್ ಮೇಲೆ ಮಿಸ್‌ಫೈರ್ ಲೈಟ್ ಹತ್ತುತ್ತದೆ.

ಹೊಸಬ_ಮೈಸೂರು
ಸರ್, ಮಿಸ್‌ಫೈರ್ ಅಂದಿದ್ದಕ್ಕೆ ಕೇಳ್ತಿದ್ದೀನಿ. ನೋಡಿರೋ ಒಂದು ಕಾರಲ್ಲಿ ಮೂರನೇ ಗೇರಲ್ಲಿ ಜೋರಾಗಿ ಒತ್ತಿದ್ರೆ ಜಗ್ಗುತ್ತೆ, ಚೆಕ್ ಇಂಜಿನ್ ಲೈಟ್ ಮಿಣುಕಿ ಆರುತ್ತೆ. ನಿಧಾನಕ್ಕೆ ಓಡ್ಸಿದ್ರೆ ಏನೂ ಇಲ್ಲ. ಪೆಟ್ರೋಲ್ ಪಂಪ್ ಹೋಗಿದೆ ಅಂತಾರೆ. ತಗೋಬಹುದಾ?

ಸ್ಪ್ಯಾನರ್_ಹದಿಮೂರು
ಲೋಡ್ ಬಿದ್ದಾಗ ಮಾತ್ರ ಜಗ್ಗಿ, ಲೈಟ್ ಮಿಣುಕಿದರೆ ಮೊದಲ ಅನುಮಾನ ಕಾಯಿಲ್ (ಪ್ಲಗ್‌ಗೆ ಹೆಚ್ಚು ವೋಲ್ಟೇಜ್ ಕೊಡುವ ಭಾಗ) ಅಥವಾ ಪ್ಲಗ್. ಬೂಸ್ಟ್ (ಟರ್ಬೊ ತುಂಬುವ ಹೆಚ್ಚಿನ ಗಾಳಿ ಒತ್ತಡ) ಬಂದಾಗ ಸಿಲಿಂಡರ್ ಒಳಗಿನ ಒತ್ತಡ ಏರುತ್ತದೆ, ಆ ಒತ್ತಡದಲ್ಲಿ ಕಿಡಿ ಹಾರಿಸಲು ಹೆಚ್ಚು ವೋಲ್ಟೇಜ್ ಬೇಕು, ದುರ್ಬಲ ಕಾಯಿಲ್ ಅಲ್ಲೇ ಕೈಕೊಡುತ್ತದೆ.

ಇದರಲ್ಲಿ ನಾಲ್ಕು ಬೇರೆ ಬೇರೆ ಕಾಯಿಲ್, ಹಾಗಾಗಿ ಪತ್ತೆ ಸುಲಭ. ಸ್ಕ್ಯಾನರ್‌ನಲ್ಲಿ ಪಿ0302 ಬಂತು ಅನ್ನಿ, ಅಂದರೆ ಎರಡನೇ ಸಿಲಿಂಡರ್. ಆ ಕಾಯಿಲನ್ನು ಮೂರನೆಯದರ ಜತೆ ಅದಲುಬದಲು ಮಾಡಿ, ಕೋಡ್ ಅಳಿಸಿ, ಓಡಿಸಿ. ಈಗ ಪಿ0303 ಬಂದರೆ ಕಾಯಿಲ್ಲೇ ಕಳ್ಳ. ಪಿ0302 ಅಲ್ಲೇ ಉಳಿದರೆ ಪ್ಲಗ್ ಅದಲುಬದಲು ಮಾಡಿ. ಆಗಲೂ ಜಾಗ ಬಿಡದಿದ್ದರೆ ಇಂಜೆಕ್ಟರ್ ಅಥವಾ ಕಂಪ್ರೆಷನ್. ಪ್ಲಗ್ ಹಾಕುವಾಗ ಟರ್ಬೊ ಇಲ್ಲದ 1.4 ಲಿನಿಯಾದ ಪ್ಲಗ್ ಹಾಕಬೇಡಿ. ಟಿ-ಜೆಟ್‌ಗೆ ಬಿಸಿಯನ್ನು ಬೇಗ ಬಿಟ್ಟುಕೊಡುವ ತಣ್ಣನೆ ಪ್ಲಗ್ ಬೇಕು. ನೋಡಲು ಒಂದೇ ಥರ ಇರುವುದರಿಂದ ಅಂಗಡಿಯವರು ಕೊಟ್ಟುಬಿಡುತ್ತಾರೆ.

ಪಂಪೋ ಅಲ್ಲವೋ ಅಂತ ತಿಳಿಯಲು ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್ ನೋಡಿ, ಅಂದರೆ ಇಸಿಯು ಪೆಟ್ರೋಲ್ ಅಳತೆಯನ್ನು ಶೇಕಡಾ ಎಷ್ಟು ತಿದ್ದುತ್ತಿದೆ ಅನ್ನೋ ಲೆಕ್ಕ. ಲಾಂಗ್ ಟರ್ಮ್ ಟ್ರಿಮ್ ಪ್ಲಸ್ 10 ದಾಟಿದರೆ ಹುಡುಕಬೇಕು. ಐಡ್ಲಿಂಗ್‌ನಲ್ಲಿ ಹೆಚ್ಚಿದ್ದು 2500 ಆರ್‌ಪಿಎಂಗೆ ಇಳಿದರೆ ಎಲ್ಲೋ ಗಾಳಿ ಲೀಕು. ಲೋಡ್ ಏರಿದಂತೆ ಟ್ರಿಮ್ ಕೂಡ ಏರಿದರೆ ಪಂಪ್ ಅಥವಾ ಫಿಲ್ಟರ್. ಕಾರಿನ ಸ್ಕ್ಯಾನ್ ಸಾಕೆಟ್ಟಿಗೆ ಚುಚ್ಚುವ ಅಗ್ಗದ ಇಎಲ್‌ಎಂ327 ಸಾಧನ, ಒಂದು ಫೋನು, ಇಷ್ಟರಲ್ಲೇ ಇದೆಲ್ಲ ಆಗುತ್ತದೆ.

ಕಾರಿನ ಉಳಿದದ್ದೆಲ್ಲ ಸರಿಯಿದ್ದರೆ ಪಂಪಿನ ಹೆಸರಲ್ಲಿ ಬೆಲೆ ಇಳಿಸಿ ತಗೊಳ್ಳಿ.

ಘಾಟಿ_ಗೇರ್
ಅದೇ ಸಾಧನದಲ್ಲಿ ಇನ್ನೊಂದು ಪರೀಕ್ಷೆ. ಕೀ ಆನ್, ಇಂಜಿನ್ ಆಫ್: ಮ್ಯಾಪ್ ಸೆನ್ಸರ್ (ಇಂಜಿನ್ ಒಳಹೋಗುವ ಗಾಳಿಯ ಒತ್ತಡ ಅಳೆಯುವುದು) ಬೆಂಗಳೂರಲ್ಲಿ 91 ಕೆಪಿಎ ಹತ್ತಿರ ತೋರಿಸಬೇಕು. ಬಿಸಿ ಇಂಜಿನ್, ಐಡ್ಲಿಂಗ್, ಎಸಿ ಆಫ್: 30ರಿಂದ 40. ಆಮೇಲೆ ಖಾಲಿ ರಸ್ತೆಯಲ್ಲಿ ಮೂರನೇ ಗೇರ್, 2000ದಿಂದ ಪೂರ್ತಿ ಒತ್ತಿ, ಪಕ್ಕದಲ್ಲಿ ಕೂತವರು ಫೋನ್ ನೋಡಲಿ. 2500 ಬರುವಷ್ಟರಲ್ಲಿ ವಾತಾವರಣದ ಒತ್ತಡ ದಾಟಿ ಸರ್ರನೆ ಏರಬೇಕು. ಏರದೆ ತೆವಳಿದರೆ, ಜತೆಗೆ ಬುಸ್ ಅನ್ನೋ ಸದ್ದಿದ್ದರೆ, ಇಂಟರ್‌ಕೂಲರ್ ಹೋಸು ಬಿರುಕು ಬಿಟ್ಟಿದೆ, ಕ್ಲಿಪ್ ಸಡಿಲವಾಗಿದೆ, ಇಲ್ಲವೇ ಡೈವರ್ಟರ್ ವಾಲ್ವ್ (ಆಕ್ಸಿಲರೇಟರ್ ಬಿಟ್ಟಾಗ ಬೂಸ್ಟ್ ಹಿಂದಕ್ಕೆ ಬಿಡುವ ವಾಲ್ವ್) ಒಳಗಿನ ರಬ್ಬರ್ ಪೊರೆ ಹರಿದಿದೆ. ಈ ಮೂರೂ ಅಗ್ಗದ ರಿಪೇರಿ. ಮೂರನ್ನೂ ನೋಡದೆ "ಟರ್ಬೊ ಹೋಗಿದೆ" ಅಂತ ಬಿಲ್ ಬರೆಯುವವರು ಊರಿಗೊಬ್ಬರು.

ರೀಮ್ಯಾಪ್_ರಾಜ
ಎಲ್ರೂ ರಿಪೇರಿ ಬಗ್ಗೆನೇ ಮಾತಾಡ್ತಿದ್ದೀರ. 😀 ರೀಮ್ಯಾಪ್ (ಇಸಿಯು ಸಾಫ್ಟ್‌ವೇರ್ ತಿದ್ದಿಸೋದು) ಮಾಡಿದ್ರೆ ಈ ಇಂಜಿನ್ ಆರಾಮಾಗಿ 140 ದಾಟುತ್ತೆ ಗುರು. 2015ರ ಅಬಾರ್ತ್ ಪುಂಟೋದಲ್ಲಿ ಕಂಪನಿನೇ ಇದೇ 1368 ಸಿಸಿಲಿ 145 ಕೊಟ್ಟಿತ್ತು.

ಘಾಟಿ_ಗೇರ್
ನಿಜ. ಜತೆಗೆ ಅದೇ ಅಬಾರ್ತ್‌ನ ಟಾರ್ಕ್ ಎಷ್ಟಿತ್ತು ನೋಡಿ: 212 ಎನ್‌ಎಂ. 207ರಿಂದ ಬರೀ ಐದು ಜಾಸ್ತಿ. ಹೆಚ್ಚಿನ ಶಕ್ತಿಯನ್ನು ಮೇಲಿನ ಆರ್‌ಪಿಎಂನಲ್ಲಿ ತೆಗೆದಿದ್ದಾರೆ. ಊರಲ್ಲಿ ಮಾಡುವ ರೀಮ್ಯಾಪ್‌ಗಳು ಕೊಡುವುದು ಕೆಳಗಿನ ಆರ್‌ಪಿಎಂ ಟಾರ್ಕ್, ಯಾಕೆಂದರೆ ಸೀಟಿಗೆ ಬೆನ್ನು ಒತ್ತಿದರೆ ಗಿರಾಕಿಗೆ ಖುಷಿ. ಆ ಹೊಡೆತ ಬೀಳುವುದು ಹದಿನೈದು ವರ್ಷದ ಕ್ಲಚ್ ಮೇಲೆ, ಗೇರ್‌ಬಾಕ್ಸ್ ಮೇಲೆ.

ಮಾಡಿಸಲೇಬೇಕೆಂದರೆ ಮೊದಲು ಕಂಪ್ರೆಷನ್ ಟೆಸ್ಟ್. ಬಿಸಿ ಇಂಜಿನ್, ನಾಲ್ಕೂ ಪ್ಲಗ್ ಹೊರಗೆ, ಪಂಪ್ ಫ್ಯೂಸ್ ಕಿತ್ತು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. ಅತಿ ಹೆಚ್ಚಿಗೂ ಅತಿ ಕಮ್ಮಿಗೂ ವ್ಯತ್ಯಾಸ ಶೇ. 10ರ ಒಳಗಿರಲಿ. ಆಮೇಲೆ ಹೊಸ ಪ್ಲಗ್, ಲೀಕಿಲ್ಲದ ಹೋಸು, 95ಕ್ಕಿಂತ ಮೇಲಿನ ಆಕ್ಟೇನ್ ಪೆಟ್ರೋಲ್. ಇದನ್ನೆಲ್ಲ ಮಾಡಿದ ಮೇಲೆ ಸ್ಟಾಕ್ ಕಾರೇ ಎಷ್ಟು ಚುರುಕಾಗುತ್ತದೆ ಅಂದರೆ ಅರ್ಧ ಜನ ರೀಮ್ಯಾಪ್ ಯೋಚನೆ ಬಿಡುತ್ತಾರೆ.

ರೀಮ್ಯಾಪ್_ರಾಜ
ಇನ್ನರ್ಧ ಜನ ಬಿಡಲ್ಲ ಬಿಡಿ.

ಹುಬ್ಬಳ್ಳಿ_ಪಿಸ್ಟನ್
ಸಸ್ಪೆನ್ಷನ್ ಬಗ್ಗೆ ಯಾರೂ ಬರದಿಲ್ಲಲ್ರಿ. ಹಂಪಿನ ಮ್ಯಾಲೆ ನಿಧಾನ ಹೋದಾಗ ಕಟ್ ಕಟ್ ಅಂದ್ರ ಲಿಂಕ್ ರಾಡ್, ಧಡ್ ಅಂದ್ರ ಲೋಯರ್ ಆರ್ಮ್ ಬುಶ್. ನಿಂತಲ್ಲೇ ಸ್ಟೀರಿಂಗ್ ತಿರುವಿದಾಗ ಸ್ಪ್ರಿಂಗ್ ಟಣ್ ಅಂದ್ರ ಸ್ಟ್ರಟ್ ಮೌಂಟ್ ಬೇರಿಂಗ್. ಬ್ರೇಕ್ ಹಾಕಿದಾಗ ಒಂದ್ ಕಡೆ ಎಳದ್ರ ಮದಲ ಬುಶ್ ನೋಡ್ರಿ, ಆಮ್ಯಾಲ ಅಲೈನ್‌ಮೆಂಟ್.

ಬುಶ್ ಹಾಕಿಸುವಾಗ ಒಂದ್ ಮಾತು ಮೆಕ್ಯಾನಿಕ್ಕಗ ಹೇಳ್ರಿ: ಗಾಡಿ ಎತ್ತಿದಾಗ ಬೋಲ್ಟ್ ಬರೇ ಕೂಡಸು, ಗಾಲಿ ನೆಲಕ್ಕ ಇಳಿಸಿ ಭಾರ ಬಿದ್ದ ಮ್ಯಾಲೆ ಬಿಗಿ ಮಾಡು. ಗಾಲಿ ಜೋತಾಡುವಾಗ ಬಿಗಿ ಮಾಡಿದ್ರ ರಬ್ಬರ್ ಯಾವಾಗ್ಲೂ ತಿರುಚಿಕೊಂಡೇ ಇರತೈತಿ, ವರ್ಷದಾಗ ಹರೀತೈತಿ. ಆಮ್ಯಾಲ "ಡೂಪ್ಲಿಕೇಟ್ ಮಾಲು" ಅಂತ ಅಂಗಡ್ಯಾವಗ ಬೈತಾರ.

ಹಿಂದಿನ ಡಿಸ್ಕ್ ಪ್ಯಾಡ್ ಬದಲಸುವಾಗ ಕ್ಯಾಲಿಪರ್ ಪಿಸ್ಟನ್ ಸಿ ಕ್ಲ್ಯಾಂಪ್ ಹಾಕಿ ಒತ್ತಬಾರದು. ಹ್ಯಾಂಡ್‌ಬ್ರೇಕ್ ಕಾರ್ಯ ಅದರಾಗೇ ಐತಿ, ತಿರುವಿಕೋತ ಒಳಗ ಕಳಸಬೇಕು. ಒತ್ತಿದ್ರ ಒಳಗಿನ ಸ್ಕ್ರೂ ಹೋಗತೈತಿ, ಹ್ಯಾಂಡ್‌ಬ್ರೇಕ್ ಸತ್ತಂಗ.

ಹೊಸಬ_ಮೈಸೂರು
ಆಯಿಲ್, ಕೂಲಂಟ್ ಯಾವುದು? ಪಾರ್ಟ್ಸ್ ಎಲ್ಲಿ ಸಿಗುತ್ತೆ? ಇ20 ಪೆಟ್ರೋಲ್ (ಶೇ. 20 ಎಥನಾಲ್ ಬೆರೆಸಿದ್ದು) ಹಾಕಿದ್ರೆ ಏನಾಗುತ್ತೆ?

ಘಾಟಿ_ಗೇರ್
ಆಯಿಲ್ 5ಡಬ್ಲ್ಯು-40 ಪೂರ್ತಿ ಸಿಂಥೆಟಿಕ್. ಟರ್ಬೊ ಬೇರಿಂಗ್‌ಗೂ ಇದೇ ಆಯಿಲ್, ಅದಕ್ಕೆ 7,500 ಕಿ.ಮೀ. ಅಥವಾ ವರ್ಷಕ್ಕೊಮ್ಮೆ ಫಿಲ್ಟರ್ ಸಮೇತ ಬದಲಿಸಿ. ಶಿರಾಡಿಯೋ ಚಾರ್ಮಾಡಿಯೋ ಜೋರಾಗಿ ಹತ್ತಿ ನಿಲ್ಲಿಸುವಾಗ ಒಂದು ನಿಮಿಷ ಐಡ್ಲಿಂಗ್ ಬಿಡಿ, ಕೆಂಪಗೆ ಕಾದ ಟರ್ಬೊದಲ್ಲಿ ನಿಂತ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ಊರೊಳಗೆ ಓಡಿಸಿ ಬಂದಾಗ ಈ ಶಾಸ್ತ್ರ ಬೇಡ.

ಕೂಲಂಟ್ ಕೆಂಪು ಬಣ್ಣದ ಆರ್ಗ್ಯಾನಿಕ್ ಥರದ್ದು, ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್. ಹಳೆ ಕಾಲದ ಹಸಿರು ಕೂಲಂಟ್ ಬೆರೆಸಿದರೆ ಕೆಸರು ಕಟ್ಟಿ ಹೀಟರ್ ಕೋರ್ ಮುಚ್ಚುತ್ತದೆ. ಟ್ಯಾಂಕಿನಲ್ಲಿ ಈಗಾಗಲೇ ಕಂದು ನೀರಿದ್ದರೆ ಪೂರ್ತಿ ಇಳಿಸಿ ತೊಳೆಸಿ. ಟೆಂಪರೇಚರ್ ಮುಳ್ಳು ಹೈವೇಯಲ್ಲಿ ನಡುಗೆರೆಗೆ ಏರದೆ ಕೆಳಗೇ ಉಳಿದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ. ಇಂಜಿನ್ ತಣ್ಣಗಿದ್ದರೆ ಒಳ್ಳೆಯದು ಅಂತ ಹಾಗೇ ಓಡಿಸಬೇಡಿ, ಇಸಿಯು ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. "ಕುಡಿಯುತ್ತೆ" ಅನ್ನೋ ಕೆಲವು ಕಾರುಗಳ ರೋಗ ಇದೇ.

ಪಾರ್ಟ್ಸ್: ಬುಶ್, ಲಿಂಕ್ ರಾಡ್, ಲೈಟು, ಬಾಗಿಲಿನ ಸಾಮಾನು ಬೇರೆ ಲಿನಿಯಾ, ಪುಂಟೋಗಳ ಜತೆ ಹಂಚಿಕೆಯಾದದ್ದು ಬಹಳ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿ. ಆದರೆ 1.3 ಮಲ್ಟಿಜೆಟ್ ಡೀಸೆಲ್ ಸ್ವಿಫ್ಟ್‌ನಲ್ಲೂ ಇತ್ತು, ಅದರ ಪಾರ್ಟ್ಸ್ ಗಲ್ಲಿಗಲ್ಲಿಯಲ್ಲಿ ಸಿಗುತ್ತದೆ ಅಂತ ಟಿ-ಜೆಟ್‌ಗೂ ಹಾಗೇ ಅಂದುಕೊಳ್ಳಬೇಡಿ. ಟರ್ಬೊ, ಮ್ಯಾನಿಫೋಲ್ಡ್, ಡೈವರ್ಟರ್ ವಾಲ್ವ್, ಕಾಯಿಲ್ ಇವೆಲ್ಲ ಟಿ-ಜೆಟ್ ಕುಟುಂಬದ್ದೇ ಬೇಕು. ಯುರೋಪಿನ ಇದೇ ಇಂಜಿನ್ನಿನ ಗ್ರಾಂಡೆ ಪುಂಟೋ ಪಾರ್ಟ್ ನಂಬರ್ ಹಿಡಿದು ತರಿಸಬಹುದು, ಕಸ್ಟಮ್ಸ್ ಸೇರಿಸಿ ಲೆಕ್ಕ ಹಾಕಿ. ಒಂದು ಬೆಲ್ಟ್ ಕಿಟ್, ಒಂದು ಕಾಯಿಲ್, ಥರ್ಮೋಸ್ಟಾಟ್ ಮನೆಯಲ್ಲಿ ಇಟ್ಟುಕೊಂಡಿರುವುದು ಜಾಣತನ.

ಇ20: ಎಥನಾಲ್‌ಗೆ ಶಾಖಶಕ್ತಿ ಕಮ್ಮಿ, ಹಾಗಾಗಿ ಇ10ಕ್ಕೆ ಹೋಲಿಸಿದರೆ ಮೈಲೇಜ್ ಶೇ. 3ರಷ್ಟು ಬೀಳುವುದು ಲೆಕ್ಕದ ಮಾತು. ಟ್ರಿಮ್ ಕೂಡ ಸ್ವಲ್ಪ ಪ್ಲಸ್ ಕಡೆ ಸರಿಯುತ್ತದೆ. ನಿಜವಾದ ಚಿಂತೆ ರಬ್ಬರಿನದ್ದು. ಪೆಟ್ರೋಲ್ ಹೋಸು ಗಟ್ಟಿಯಾಗಿ ಬಿರಿಯುತ್ತಿದೆಯಾ, ಇಂಜೆಕ್ಟರ್ ಓ-ರಿಂಗ್ ಹತ್ತಿರ ಒದ್ದೆ ಇದೆಯಾ, ಬೆಳಿಗ್ಗೆ ಬಾನೆಟ್ ತೆರೆದಾಗ ವಾಸನೆ ಬರುತ್ತದಾ ನೋಡಿ. ಬಂದರೆ ಅಂದೇ ಬದಲಿಸಿ, ಪಕ್ಕದಲ್ಲೇ ಬಿಸಿ ಟರ್ಬೊ ಇದೆ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ, ಖಾಲಿ ಜಾಗದ ತೇವವನ್ನು ಎಥನಾಲ್ ಹೀರುತ್ತದೆ.

ಕೆಎ19_ರೋಡ್‌ಮೇಟ್
ಕಾಗದಪತ್ರದ್ದು ಯಾರಾದ್ರೂ ಹೇಳಿ ಮಾರಾಯ್ರೆ, 2010ರ ಕಾರಿಗೆಲ್ಲ 15 ವರ್ಷ ಮುಗೀತಲ್ಲ.

ಸ್ಪ್ಯಾನರ್_ಹದಿಮೂರು
ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಫಾರಂ 25 ಹಾಕಿ, ಗಾಡಿ ಆರ್‌ಟಿಒಗೆ ತೋರಿಸಿ 5 ವರ್ಷಕ್ಕೆ ನವೀಕರಿಸಬೇಕು. ಕಾರಿಗೆ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ, ಜತೆಗೆ ಗ್ರೀನ್ ಟ್ಯಾಕ್ಸ್. ಚಾಸಿಸ್ ನಂಬರ್ ಓದಲು ಬರುವಂತಿರಲಿ, ಹೊಗೆ ಸರ್ಟಿಫಿಕೇಟ್, ಇನ್ಶೂರೆನ್ಸ್ ಚಾಲ್ತಿಯಲ್ಲಿರಲಿ. ನವೀಕರಣ ಬಾಕಿ ಇರುವ ಕಾರನ್ನು "ನೀವೇ ಮಾಡಿಸ್ಕೊಳ್ಳಿ" ಅಂದರೆ ಒಪ್ಪಬೇಡಿ. ಮಾರುವವರ ಹೆಸರಲ್ಲೇ ನವೀಕರಣವಾಗಿ ಬಂದ ಮೇಲೆ ಫಾರಂ 29, 30ಕ್ಕೆ ಸಹಿ. ಆರ್‌ಸಿಯಲ್ಲಿ ಹಳೆ ಸಾಲದ ಬ್ಯಾಂಕ್ ಹೆಸರು ಇನ್ನೂ ಕೂತಿದ್ದರೆ ಎನ್‌ಒಸಿ ತರಿಸಿ ಅದನ್ನೂ ಮೊದಲು ತೆಗೆಸಲಿ.

ದೆಹಲಿ ನೋಂದಣಿಯ ಕಾರು ಅಗ್ಗಕ್ಕೆ ಸಿಗುತ್ತದೆ ಅಂತ ಹಾರಬೇಡಿ. ಎನ್‌ಒಸಿ, ಇಲ್ಲಿನ ಲೈಫ್ ಟ್ಯಾಕ್ಸ್, ಹೊಸ ನಂಬರ್, ಸಾಗಿಸುವ ಖರ್ಚು ಸೇರಿಸಿದರೆ ಉಳಿತಾಯ ಕರಗಿಹೋಗುತ್ತದೆ.

ಹೊಸಬ_ಮೈಸೂರು
ಧನ್ಯವಾದ ಸರ್. ಭಾನುವಾರ ಅದೇ ಕಾರು ಮತ್ತೆ ನೋಡೋಕೆ ಹೋಗ್ತಿದ್ದೀನಿ. ಇಎಲ್‌ಎಂ327, ಮಲ್ಟಿಮೀಟರ್, ಟಾರ್ಚ್ ತಗೊಂಡಿದ್ದೀನಿ. ಇನ್ನೇನಾದ್ರೂ?

ಹುಬ್ಬಳ್ಳಿ_ಪಿಸ್ಟನ್
ಕಾಯಿಲ್ ಬಿಚ್ಚಾಕ ಸಾಕೆಟ್ ಸೆಟ್ಟು ಒಯ್ರಿ. ಕಾಯಿಲ್ ಕೀಳುವಾಗ ಕನೆಕ್ಟರ್ ಲಾಕ್ ಮದಲ ಬಿಡಸ್ರಿ, ಪ್ಲಾಸ್ಟಿಕ್ ಹಳೇದಾಗಿ ಬಿಸ್ಕಿಟ್ ಆಗಿರತೈತಿ. ಮುರದ್ರ ರೊಕ್ಕ ನೀವ ಕೊಡಬೇಕಾಕ್ಕತಿ.